ಬೆಟ್ಟ ಕಾಣುವ ಊರಿನಲ್ಲಿ ಒಂದು ಕಟ್ಟೆ

ಸಾಂತಾಕ್ರೂಜ್ ಬೆಟ್ಟಗಳು ಕಾಣುವುವೆಂಬ ಕಾರಣದಿಂದ ಮೌಂಟನ್ ವ್ಯೂ ಎಂಬ ಹೆಸರನ್ನು ಪಡೆದ ಕ್ಯಾಲಿಫೋರ್ನಿಯದ ಊರು ಹುಟ್ಟಿದ್ದೇ ತಂಗುದಾಣವಾಗಿ. 1850ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೂ ಸ್ಯಾನ್ ಹೋಸೆಗೂ ನಡುವೆ ಓಡಾಡುತ್ತಿದ್ದ ಕುದುರೆಗಾಡಿಗಳು ಇಲ್ಲಿ ನಿಲ್ಲುತ್ತಿದ್ದುದರಿಂದ, ನಮ್ಮ ಛತ್ರಗಳಲ್ಲಿ ಆಗುತ್ತಿದ್ದಂತೆಯೇ, ಗುರುತಿಲ್ಲದವರು ಗಳಿಗೆ ಹೊತ್ತು ಕಲೆತು, ಸುಖದುಃಖಗಳನ್ನು ವಿಚಾರಿಸಿಕೊಂಡು ಮುಂದಿನ ದಾರಿ ಹಿಡಿಯುತ್ತಿದ್ದಿರಬೇಕು. 1864ರಲ್ಲಿ ರೈಲು ಬಂದ ತರುವಾಯ ಊರು ಹಳಿಗಳ ಬಳಿಗೆ ಸರಿಯಿತು. 1902ರಲ್ಲಿ ಪೌರಾಡಳಿತವನ್ನು ಪಡೆಯಿತು. ಏಪ್ರಿಕಾಟ್, ಪ್ರೂನ್ ತೋಟಗಳ ನಡುವೆ ಬಹುಕಾಲ ಬಾಳಿತು. 1956ರಲ್ಲಿ ವಿಲಿಯಂ ಶಾಕ್ಲಿ ತನ್ನ ಸೆಮಿಕಂಡಕ್ಟರ್ ಪ್ರಯೋಗಶಾಲೆಯನ್ನು ಇಲ್ಲಿ ತೆರೆದನು. 1950ರಲ್ಲಿ ಸುಮಾರು 6,500ರಷ್ಟಿದ್ದ ಜನಸಂಖ್ಯೆ ಹತ್ತೇ ವರ್ಷಗಳಲ್ಲಿ 30,000ವನ್ನು ಮೀರಿತು, ತೋಟಗಳಿದ್ದಲ್ಲಿ ಮನೆಗಳೆದ್ದುವು.

ಈ ಊರಿನ ವೃದ್ಧರ ಚರಿತ್ರೆಗೆ, ವಿಶೇಷತಃ ನಮ್ಮ ನಾಡಿನಿಂದ ಹೋದ ವೃದ್ಧರ ಚರಿತ್ರೆಗೆ, 1965 ನಿರ್ಣಾಯಕವಾದ ವರ್ಷ. ಆ ವರ್ಷದ ಜುಲೈ 14ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ವೃದ್ಧರ ಹಿತರಕ್ಷಣೆಯ ಕಾಯಿದೆಗೂ, ಅಕ್ಟೋಬರ್ 3ರಂದು ವಲಸೆಯ ಹೊಸ ಕಾಯಿದೆಗೂ ಸಹಿ ಹಾಕಿದನು. ವಲಸೆಯ ಕಾಯಿದೆಯು ಏಷ್ಯದ ವಿದ್ಯಾವಂತ ತರುಣರಿಗೆ ಬಾಗಿಲು ತೆರೆದುದಲ್ಲದೆ, ಮುಂದೆ ಪೌರತ್ವ ಪಡೆದ ಮಕ್ಕಳು ಸಂಖ್ಯಾಮಿತಿಯ ತೊಡಕಿಲ್ಲದೆ ತಂದೆತಾಯಿಗಳನ್ನು ಕರೆಸಿಕೊಳ್ಳುವುದಕ್ಕೂ ಆಸ್ಪದವಿತ್ತಿತು. ವೃದ್ಧರ ಕಾಯಿದೆಗೆ 1972ರಲ್ಲಿ ಆದ ತಿದ್ದುಪಡಿಯು ಅರವತ್ತು ತುಂಬಿದವರಿಗೆ ಪಂಕ್ತಿಯ ಊಟವನ್ನು ಏರ್ಪಡಿಸಿತು: ಹೊಟ್ಟೆಯ ಹಸಿವಿನಂತೆಯೇ ಒಡನಾಟದ ಹಸಿವೂ ಹಸಿವೆಂಬ ಅರಿವು ಅದರ ಹಿಂದಿತ್ತು. ರೆಂಗ್‌ಸ್ಟಾರ್ಫ್ ಉದ್ಯಾನದ ಮಗ್ಗುಲಲ್ಲಿರುವ ಮೌಂಟನ್ ವ್ಯೂ ಹಿರಿಯರ ಕೇಂದ್ರದ ಮಧ್ಯಾಹ್ನದೂಟ ಆ ಪರಂಪರೆಗೆ ಸೇರಿದುದು.

ಕನ್ನಡಿಗರ ಮನೆಗಳಿಗೆ ಹಿರಿಯರು ಬರುವುದು ಬಹುಮಟ್ಟಿಗೆ ಮಗಳ ಇಲ್ಲವೆ ಸೊಸೆಯ ಬಾಣಂತನಕ್ಕೆ. ಕೂಸನ್ನು ಎರೆದು, ತೂಗಿ, ಬೆಳೆಸಿ, ಅದು ಶಾಲೆಗೆ ಹೋಗತೊಡಗಿದ ಮೇಲೆ, ಮಗನೂ ಸೊಸೆಯೂ ಬೆಳಿಗ್ಗೆಯೇ ಕಾರು ಹತ್ತಿ ಕಛೇರಿಗೆ ತೆರಳಿದ ಮೇಲೆ, ಕಾರು ನಡೆಸಲರಿಯದ, ಬೀದಿಯ ಭಾಷೆಗೆ ನಾಲಗೆ ಹೊರಳದ ಅಜ್ಜಿಗೆ, ಮನೆಯಲ್ಲಿ ಯಾವುದಕ್ಕೂ ಕೊರತೆಯಿಲ್ಲದಿದ್ದರೂ, 'ಊಟವಾಯಿತೆ?' ಎಂದು ಕೇಳುವವರಿಲ್ಲ. ಉತ್ತರ ಕ್ಯಾಲಿಫೋರ್ನಿಯದ ಕನ್ನಡ ಕೂಟ 1973ರಿಂದ ಕನ್ನಡಿಗರನ್ನು ಕಲೆಹಾಕುತ್ತ ಬಂದಿದೆ; ಆದರೆ ಯುಗಾದಿ ದೀಪಾವಳಿಗಳ ನಡುವಣ ಬರಿಯ ದಿನಗಳೇ ವೃದ್ಧರಿಗೆ ದೀರ್ಘವಾದುವು. ನೆರೆಯ ಫ್ರೀಮಾಂಟಿನ ಭಾರತೀಯ ವೃದ್ಧರು, 'ನೂರು ವರ್ಷ ಬಾಳುವವರ ಸಂಘ'ವೆಂಬ ಅರ್ಥದ ಹೆಸರಿಟ್ಟುಕೊಂಡು ತಾವು ತಾವೇ ಕೂಡುತ್ತಿದ್ದುದನ್ನು 2009ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವರದಿ ಮಾಡಿತು. ನಮ್ಮ ಊರುಗಳ ಅರಳಿಕಟ್ಟೆಯೇ ಅಲ್ಲಿ ಬೇರೊಂದು ರೂಪದಲ್ಲಿ ಚಿಗುರಿತ್ತೆನ್ನಬೇಕು.

ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರ ಮೇ ತಿಂಗಳಲ್ಲಿ ಪ್ರಕಟಿಸಿದ ಎಚ್ಚರಿಕೆಯ ವರದಿಯಲ್ಲಿ, ಸಂಬಂಧಗಳ ಅಭಾವದಿಂದ ಆಯುಸ್ಸಿಗೆ ಒದಗುವ ಹಾನಿಯನ್ನು ದಿನಕ್ಕೆ 15 ಸಿಗರೇಟು ಸೇದುವುದಕ್ಕೆ ಹೋಲಿಸಿದರು. ಕಟ್ಟೆಯ ಮೇಲೆ ಕುಳಿತ ನಮ್ಮ ಹಿರಿಯರಿಗೆ ಈ ಲೆಕ್ಕ ತಿಳಿಯದು, ಅದರ ಅಗತ್ಯವೂ ಅವರಿಗೆ ಬೀಳಲಿಲ್ಲ. ಆದರೆ ಕಟ್ಟೆಯಿಲ್ಲದ ಊರಿಗೆ ಹೆತ್ತವರನ್ನು ಕರೆಸಿಕೊಂಡ ಮಕ್ಕಳಿಗೆ ಅದು ತಿಳಿದಿರಬೇಕು. ಅವರು ಬೆಳಿಗ್ಗೆ ಕಛೇರಿಗೆ ಹೊರಡುವಾಗ, ವಾರದಲ್ಲಿ ಒಂದೆರಡು ದಿನವಾದರೂ, ಅಪ್ಪ ಅಮ್ಮನನ್ನು ನಾಲ್ಕು ಜನ ಸೇರುವೆಡೆಗೆ ಮುಟ್ಟಿಸಿ ಹೋಗಲಿ.