ಆರೋಗ್ಯವಿಮೆಯ ಆಯ್ಕೆಯಲ್ಲಿ ಗುಣಮಟ್ಟದ ಮಾಹಿತಿ

ಉದ್ಯೋಗಿಯು ತನಗೂ ತನ್ನ ಕುಟುಂಬಕ್ಕೂ ಆರೋಗ್ಯವಿಮೆಯನ್ನು ಆರಿಸಿಕೊಳ್ಳುವಾಗ, ಕಂತಿನ ಮೊತ್ತವಲ್ಲದೆ ಚಿಕಿತ್ಸೆಯ ಗುಣ, ಕ್ಲೇಮು ಇತ್ಯರ್ಥದ ತ್ವರೆ, ಆಸ್ಪತ್ರೆಗಳ ಯೋಗ್ಯತೆ ಮುಂತಾದವುಗಳನ್ನು ಕುರಿತ ತಿಳಿವಳಿಕೆಯು ಅವನ ನಿರ್ಣಯವನ್ನು ಎಷ್ಟರಮಟ್ಟಿಗೆ ತಿದ್ದುವುದೆಂಬುದು ಆರೋಗ್ಯ ಅರ್ಥಶಾಸ್ತ್ರದ ಒಂದು ಜಿಜ್ಞಾಸೆ.

ಇದರ ವ್ಯವಸ್ಥಿತ ಪರೀಕ್ಷೆ ಅಮೆರಿಕಾದಲ್ಲಿ ನಡೆದಿದೆ. ಏಕೆಂದರೆ ಅಲ್ಲಿನ ದೊಡ್ಡ ಸಂಸ್ಥೆಗಳಲ್ಲಿ ನೌಕರನ ಮುಂದೆ ವರ್ಷಕ್ಕೊಮ್ಮೆ ಅನೇಕ ಯೋಜನೆಗಳನ್ನಿರಿಸುವ ರೂಢಿಯುಂಟು. 1990ರ ದಶಕದಲ್ಲಿ, ಮಕ್ಕಳ ಲಸಿಕೆ, ಕ್ಯಾನ್ಸರ್ ತಪಾಸಣೆ ಮೊದಲಾದವನ್ನು ಅಳೆಯುವ ‘ಹೆಡಿಸ್’ ಮಾನಕಗಳು ಪ್ರಚಾರಕ್ಕೆ ಬಂದ ಮೇಲೆ, ಜನರಲ್ ಮೋಟಾರ್ಸ್ ಸಂಸ್ಥೆಯು ಯೋಜನೆಗಳ ದರ್ಜೆಪಟ್ಟಿಯನ್ನು ತನ್ನ ನೌಕರರಿಗೆ ಹಂಚಿತು. ಆ ನೌಕರರ ಆಯ್ಕೆಗಳನ್ನು ಪರಿಶೀಲಿಸಿದವರಿಗೆ ಕಂಡದ್ದು ವಿಲಕ್ಷಣವಾದುದು: ಕಳಪೆಯೆನಿಸಿದ ಯೋಜನೆಗಳಿಂದ ಜನ ದೂರ ಸರಿದರು, ಆದರೆ ಉತ್ಕೃಷ್ಟವೆನಿಸಿದವುಗಳತ್ತ ಅಷ್ಟಾಗಿ ಧಾವಿಸಲಿಲ್ಲ. ಫೆಡರಲ್ ಸರ್ಕಾರದ ನೌಕರರಲ್ಲಿ, ಹಳಬರಿಗಿಂತ ಹೊಸದಾಗಿ ಸೇರಿದವರೇ ಇಂಥ ಪಟ್ಟಿಗೆ ಹೆಚ್ಚು ಕಿವಿಗೊಟ್ಟರು. ಒಮ್ಮೆ ಒಗ್ಗಿದ ಯೋಜನೆಯನ್ನು ಬಿಡುವುದು ಮನುಷ್ಯನಿಗೆ ಸುಲಭವಲ್ಲವಷ್ಟೆ.

ಇಂಥ ಆಯ್ಕೆಯ ವಿಷಯದಲ್ಲಿ ಬೆಂಗಳೂರಿನ ಇತಿಹಾಸ ಬೇರೆ. 1948ರ ಶಾಸನದಿಂದ ಹುಟ್ಟಿ 1958ರಲ್ಲಿ ಈ ನಗರಕ್ಕೆ ಬಂದ ಕಾರ್ಮಿಕರ ರಾಜ್ಯ ವಿಮೆ, ಅಂದರೆ ಜನರ ಬಾಯಲ್ಲಿನ ಇ.ಎಸ್.ಐ., ಆಯ್ಕೆಗೆ ಆಸ್ಪದವನ್ನೇ ಕೊಡದು: ತಿಂಗಳಿಗೆ 21,000 ರೂಪಾಯಿಯವರೆಗಿನ ವೇತನದವನಿಂದ ಶೇಕಡಾ 0.75ನ್ನೂ, ಮಾಲೀಕನಿಂದ ಶೇಕಡಾ 3.25ನ್ನೂ ಪಡೆಯುವುದೆಂದು 2019ರ ಜುಲೈನಿಂದ ವಿಧಿಸಲಾಗಿದೆ. ಅದಕ್ಕೂ ಮೇಲಿನ ವೇತನದವರಿಗೆ, 1986ರಲ್ಲಿ ಮೆಡಿಕ್ಲೇಮ್ ಆರಂಭವಾದ ಅನಂತರ ಬೆಳೆದ ಗುಂಪು ವಿಮೆಯಲ್ಲಿ, ವಿಮಾ ಕಂಪನಿಯನ್ನು ಆರಿಸುವವನು ಮಾಲೀಕನೇ. ತಂದೆತಾಯಿಯರನ್ನು ಸೇರಿಸಬೇಕೆ, ಟಾಪ್-ಅಪ್ ಕೊಳ್ಳಬೇಕೆ ಎಂಬಿಷ್ಟೇ ಸಾಮಾನ್ಯವಾಗಿ ಉದ್ಯೋಗಿಗೆ ಉಳಿಯುವ ವಿವೇಚನೆ.

ಗುಹಾದೇವಾಲಯದಿಂದ ಹೆಸರಾದ ಗವಿಪುರಂನಂಥ ಹಳೆಯ ಬಡಾವಣೆಯಲ್ಲಿ, ವೃದ್ಧ ತಂದೆತಾಯಿಯರೊಡನೆ ವಾಸಿಸುವ ಉದ್ಯೋಗಿಯು ಮೊದಲು ಕೇಳುವ ಪ್ರಶ್ನೆ, ಶಂಕರಪುರದ ರಂಗದೊರೆ ಸ್ಮಾರಕ ಆಸ್ಪತ್ರೆಯೋ ವಿಶ್ವೇಶ್ವರಪುರದ ಕಿಮ್ಸ್ ಆಸ್ಪತ್ರೆಯೋ ‘ಕ್ಯಾಶ್‌ಲೆಸ್’ ಪಟ್ಟಿಯಲ್ಲಿದೆಯೇ ಎಂಬುದು. ಸಾಮೀಪ್ಯವೇ ಗುಣದ ಸ್ಥಾನವನ್ನು ಆಕ್ರಮಿಸುತ್ತದೆ. ಹೃದಯಾಘಾತದ ಹೊತ್ತಿನಲ್ಲಿ ಅದು ಅವಿವೇಕವೂ ಅಲ್ಲ.

ಹಾಗೆಂದು ಮಾಹಿತಿಯೇ ಇಲ್ಲದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ವಾರ್ಷಿಕ ವರದಿಯಲ್ಲಿ ಕ್ಲೇಮುಗಳ ಅಂಕಿ-ಅಂಶಗಳಿವೆ. 2024ರ ಜನವರಿಯಿಂದ ವಿಮೆಯ ಷರತ್ತುಗಳನ್ನು ಸರಳವಾಗಿ ತಿಳಿಸುವ ಪರಿಷ್ಕೃತ ಮಾಹಿತಿಪತ್ರವೂ ಕಡ್ಡಾಯವಾಗಿದೆ. ಆದರೆ ಕ್ಲೇಮು ಸಂದಾಯವಾದ ಮಾತ್ರಕ್ಕೆ ರೋಗಿ ಗುಣವಾದನೆಂದು ಅರ್ಥವಲ್ಲ, ಗುಣಮಟ್ಟಕ್ಕಾಗಿ ಕೊಡುವ ಎನ್.ಎ.ಬಿ.ಎಚ್. ಮಾನ್ಯತೆ ಸಲ್ಲುವುದು ಆಸ್ಪತ್ರೆಗೇ ಹೊರತು ವಿಮಾ ಯೋಜನೆಗಲ್ಲ.