ದಾನಶಾಸನವೂ ದಾನದ ಲೆಕ್ಕವೂ

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಕನ್ನಡ ನಾಡಿನ ಹಳೆಯ ದಾನಿಗಳು ಈ ಮಾತಿಗೆ ಕಿವಿಗೊಟ್ಟವರಲ್ಲ. ಕೊಟ್ಟದ್ದು ನಾಲ್ಕು ಮತ್ತರು ಗದ್ದೆಯಾದರೂ ಅದನ್ನು ಆಳೆತ್ತರದ ಕಲ್ಲಿನ ಮೇಲೆ ಕೊರೆಯಿಸಿ, ತುದಿಯಲ್ಲಿ ಸೂರ್ಯಚಂದ್ರರನ್ನು ಬಿಡಿಸಿ, ನಾಲ್ಕು ಜನ ಓಡಾಡುವ ಕಡೆ ನಿಲ್ಲಿಸಿದರು. ಇದೆಲ್ಲ ಕೀರ್ತಿಯ ಹಂಬಲವೆಂದು ತಳ್ಳಿಹಾಕುವುದು ಸುಲಭ. ಹಂಬಲ ಇರಲಿಲ್ಲವೆಂದು ನಾನೂ ವಾದಿಸಲಾರೆ. ರಾಜರ ಬಿರುದಾವಳಿಯನ್ನು ಓದಿ ಮುಗಿಸುವಷ್ಟರಲ್ಲಿ ತರಗತಿಯ ಅರ್ಧದಷ್ಟು ಹುಡುಗರು ಆಕಳಿಸತೊಡಗಿರುತ್ತಾರೆ. ಆದರೆ ಶಾಸನದ ತಿರುಳಿರುವುದು ಬಿರುದಾವಳಿ ಮುಗಿದ ಮೇಲೆ. ಅಲ್ಲಿಗೆ ಕವಿ ಹಿಂದೆ ಸರಿದು ಶಾನುಭೋಗ ಮುಂದೆ ಬರುತ್ತಾನೆ. ಕೊಟ್ಟವರು ಯಾರು, ಕೊಟ್ಟ ದಿನ ಯಾವುದು, ಯಾರ ಕಾಲು ತೊಳೆದು ಧಾರೆಯೆರೆದರು, ಭೂಮಿ ಎಷ್ಟು, ಅದರ ಮೂಡಣ ಎಲ್ಲೆ ಯಾವ ಹುತ್ತ, ಪಡುವಣ ಎಲ್ಲೆ ಯಾವ ಕೆರೆಯ ಕೋಡಿ, ಬಂದ ಹುಟ್ಟುವಳಿ ಯಾವ ಯಾವ ಬಾಬಿಗೆ ಸಲ್ಲಬೇಕು - ಎಲ್ಲವೂ ಅಲ್ಲಿ ಉಂಟು. ಮುಂದಿನ ಭಾಗ ಸಂಸ್ಕೃತದಲ್ಲಿರುವ ಶಾಸನಗಳಲ್ಲಿಯೂ ಎಲ್ಲೆ ಹೇಳುವ ಮಾತು ಅನೇಕ ವೇಳೆ ಕನ್ನಡಕ್ಕೆ ಇಳಿಯುತ್ತದೆ. ಹೊಗಳಿಕೆ ಯಾವ ಭಾಷೆಯಲ್ಲಿದ್ದರೂ ನಡೆದೀತು. ಗದ್ದೆಯ ಬದು ಮಾತ್ರ ಪಕ್ಕದ ಗದ್ದೆಯವನಿಗೆ ತಿಳಿಯಬೇಕಲ್ಲವೆ?

ಶಿವಮೊಗ್ಗದಿಂದ ಶಿಕಾರಿಪುರದ ದಾರಿಯಲ್ಲಿ ಎಪ್ಪತ್ತು ಕಿಲೋಮೀಟರಿನಷ್ಟು ಹೋದರೆ ಶಿರಾಳಕೊಪ್ಪದ ಮಗ್ಗುಲಲ್ಲಿ ಬಳ್ಳಿಗಾವೆ ಇದೆ. ಒಂದು ಕಾಲಕ್ಕೆ ಅದು ಬನವಾಸಿ ಹನ್ನೆರಡು ಸಾವಿರದ ರಾಜಧಾನಿ. ಬಿ. ಎಲ್. ರೈಸ್ ಸಾಹೇಬರು 1902ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟವನ್ನು ತೆರೆದವರಿಗೆ ಶಿಕಾರಿಪುರ ತಾಲ್ಲೂಕೊಂದೇ ಎಷ್ಟು ಪುಟಗಳನ್ನು ನುಂಗಿದೆ ಎಂಬುದು ಗೊತ್ತು. ಅಲ್ಲಿನ ಕೇದಾರೇಶ್ವರ ಗುಡಿಗೆ ಸೇರಿದ ಕೋಡಿಯ ಮಠ ಕಾಳಾಮುಖ ಶೈವ ಯತಿಗಳದು. ಕಲಚುರಿ ಬಿಜ್ಜಳನ ಕಾಲದ 1162ರ ಶಾಸನ ಈ ಮಠದಲ್ಲಿ ನಡೆಯುತ್ತಿದ್ದ ಕೆಲಸವನ್ನು ಒಂದೊಂದಾಗಿ ಹೇಳುತ್ತದೆ. ವೇದ, ದರ್ಶನ, ಪುರಾಣಗಳ ಜೊತೆಗೆ ಪಾಣಿನಿ ಮತ್ತು ಶಾಕಟಾಯನರ ವ್ಯಾಕರಣಗಳ ಪಾಠ ಅಲ್ಲಿತ್ತು. ಬಡವರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವಿತ್ತು. ಹಾಡುವವರು, ಬಾರಿಸುವವರು, ಕುಣಿಯುವವರೂ ಆ ಪಂಕ್ತಿಯಲ್ಲಿ ಕುಳಿತರು. ಜೈನ ಕ್ಷಪಣಕರಿಗೂ ಏಕದಂಡಿ ತ್ರಿದಂಡಿ ಸಂನ್ಯಾಸಿಗಳಿಗೂ ಬಾಗಿಲು ಮುಚ್ಚಿರಲಿಲ್ಲ. ದಿಕ್ಕಿಲ್ಲದ ರೋಗಿಗಳಿಗೆ ಔಷಧಿ ಇತ್ತು. ಇದೇ ಊರಿನಲ್ಲಿ 1065ರಲ್ಲಿ ರೂಪಭಟ್ಟಯ್ಯನೆಂಬವನು ಬೌದ್ಧ ವಿಹಾರವನ್ನು ಕಟ್ಟಿಸಿದ್ದನೆಂಬುದನ್ನು ನೆನೆದರೆ ಆ ಕಾಲದ ದಾನದ ಹರಹು ತಿಳಿದೀತು.

ಬಳ್ಳಿಗಾವೆಯಲ್ಲಿ 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಗಂಡಭೇರುಂಡ ಸ್ತಂಭವನ್ನು ಬಹಳ ಜನ ನೋಡಿದ್ದಾರೆ. ಆದರೆ ಆ ಊರಿನ ಶಾಸನಗಳಲ್ಲಿ ಭೇರುಂಡ ಗಳೆ ಎಂಬ ಅಳತೆಗೋಲಿನ ಹೆಸರು ಬರುವುದನ್ನು ಗಮನಿಸಿದವರು ಕಡಿಮೆ. ದಾನದ ಭೂಮಿಯನ್ನು ಎಲ್ಲರಿಗೂ ಗೊತ್ತಿರುವ, ಹೆಸರುಳ್ಳ ಕೋಲಿನಿಂದ ಅಳೆದುಕೊಟ್ಟರು. ನನಗಂತೂ ಕಂಬದ ಮೇಲಿನ ಎರಡು ತಲೆಯ ಹಕ್ಕಿಗಿಂತ ಈ ಕೋಲು ದೊಡ್ಡದಾಗಿ ಕಾಣುತ್ತದೆ.

ಕೊಟ್ಟವರೆಲ್ಲ ರಾಜರೇ ಎಂದು ತಿಳಿಯಬೇಕಾಗಿಲ್ಲ. ಅಯ್ಯಾವೊಳೆಯ ಐನೂರ್ವರು, ಎಣ್ಣೆ ತೆಗೆಯುವ ತೆಲ್ಲಿಗರು, ಎಲೆ ಮಾರುವ ತಂಬುಲಿಗರು ಸಂಘವಾಗಿ ಸೇರಿ ಕೊಟ್ಟ ದಾನಗಳು ಕನ್ನಡ ಶಾಸನಗಳಲ್ಲಿ ಹೇರಳವಾಗಿವೆ. ಗಾಣವೊಂದಕ್ಕೆ ನಂದಾದೀವಿಗೆಗೆ ಇಷ್ಟು ಎಣ್ಣೆ, ಹೇರೊಂದಕ್ಕೆ ಇಷ್ಟು ಎಲೆ, ಇಷ್ಟು ಅಡಕೆ ಎಂದು ಅವರೇ ಕಟ್ಟಳೆ ಮಾಡಿಕೊಂಡರು. ಇಂದಿನ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆ ಎಂದು ಕರೆಯುವ ಬಾಬಿಗೆ ನಮ್ಮ ನಾಡಿನಲ್ಲಿ ಹಿರಿಯ ಬಂಧುವನ್ನು ಹುಡುಕುವುದಾದರೆ ಅರಮನೆಗೆ ಹೋಗಬೇಕಿಲ್ಲ, ಸಂತೆಬೀದಿಗೆ ಹೋಗಬೇಕು. ಆ ಕಟ್ಟಳೆಗೂ ಕಲ್ಲೇ ಸಾಕ್ಷಿ. ಗಾಣಿಗ ಎಣ್ಣೆ ಹಾಕದಿದ್ದರೆ ದೀಪ ಹತ್ತಲಿಲ್ಲವೇಕೆಂದು ಕೇಳಲು ಆ ಬೀದಿಯಲ್ಲಿ ನಡೆದುಹೋಗುವ ಯಾರಿಗಾದರೂ ಆಧಾರವಿತ್ತು.

ಕಲ್ಲಿನ ಮಹತ್ವ ಗೊತ್ತಾಗಬೇಕಾದರೆ ತಾಮ್ರಪಟದ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಕಲ್ಲು ಊರ ಮುಂದೆ ನಿಂತರೆ ತಾಮ್ರಪಟ ದಾನ ಪಡೆದವನ ಪೆಟ್ಟಿಗೆಯಲ್ಲಿ ಮಲಗುತ್ತದೆ. ಕೂಟಶಾಸನಗಳೆಂದು, ಎಂದರೆ ಕಟ್ಟಿದ ಸುಳ್ಳು ಶಾಸನಗಳೆಂದು ವಿದ್ವಾಂಸರು ತೀರ್ಮಾನಿಸಿರುವವುಗಳಲ್ಲಿ ತಾಮ್ರಪಟಗಳದೇ ಮೇಲುಗೈ. ನಮ್ಮ ಜಿಲ್ಲೆಯೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಗೌಜ, ಕುಪ್ಪಗದ್ದೆ, ಬೇಗೂರುಗಳಲ್ಲಿ ದೊರೆತ ಪಟಗಳು ತಮ್ಮನ್ನು ಕೊಟ್ಟವನು ಪರೀಕ್ಷಿತನ ಮಗನಾದ ಸಾಕ್ಷಾತ್ ಜನಮೇಜಯನೆಂದು ಹೇಳಿಕೊಳ್ಳುತ್ತವೆ! ಸರ್ಪಯಾಗ ಮಾಡಿದ ಚಕ್ರವರ್ತಿ ಮಲೆನಾಡಿಗೆ ಬಂದು ಅಗ್ರಹಾರ ಬಿಟ್ಟುಹೋದನೆಂದು ನಂಬಲು ಫ್ಲೀಟ್ ಮೊದಲಾದ ಪಂಡಿತರು ಒಪ್ಪಲಿಲ್ಲ. ಬರೆದವನ ಜಾಣತನವನ್ನು ಮೆಚ್ಚಬೇಕು. ಪೆಟ್ಟಿಗೆಯೊಳಗೆ ಬರೆದಿಟ್ಟುಕೊಂಡದ್ದನ್ನು ನೆರೆಯವನು ಓದುವುದಿಲ್ಲವೆಂಬ ಧೈರ್ಯ ಅವನಿಗಿದ್ದಿರಬೇಕು.

ಹಾಗೆಂದು ಕಲ್ಲು ಎಲ್ಲವನ್ನೂ ಹೇಳಿತೆಂದು ಬೀಗುವಂತಿಲ್ಲ. ಕೋಡಿಯ ಮಠದಲ್ಲಿ ಔಷಧಿ ಕೊಡುತ್ತಿದ್ದರೆಂದು ಶಾಸನ ಹೇಳುತ್ತದೆ. ಒಂದು ವರ್ಷದಲ್ಲಿ ಎಷ್ಟು ರೋಗಿಗಳಿಗೆ ಕೊಟ್ಟರು, ಉಳಿದ ಭತ್ತ ಏನಾಯಿತು ಎಂಬುದನ್ನು ಹೇಳುವುದಿಲ್ಲ. ಕೊಟ್ಟದ್ದಕ್ಕೆ ಕಲ್ಲಿದೆ, ಖರ್ಚಾದದ್ದಕ್ಕೆ ಕಲ್ಲಿಲ್ಲ. ಆ ಜಾಗವನ್ನು ತುಂಬಿದ್ದು ಶಾಪ. ದಾನವನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆಂದು ಶಾಸನದ ಕೊನೆಯಲ್ಲಿ ಬರೆದರು. ಅದರ ಜೊತೆಯಲ್ಲಿ ಬರುವ ಇನ್ನೊಂದು ಮಾತು ನನಗೆ ಹೆಚ್ಚು ಪ್ರಿಯ: ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದು ಮೇಲು ಎನ್ನುತ್ತದೆ ಅದು. ಹುಳುವಿನ ಭಯ ಎಷ್ಟು ಜನರನ್ನು ತಡೆಯಿತೋ, ಮೈಸೂರು ಸಂಸ್ಥಾನವಂತೂ ಅದನ್ನೇ ನಂಬಿ ಕೂರಲಿಲ್ಲ. 1927ರಲ್ಲಿ ಧಾರ್ಮಿಕ ಮತ್ತು ಧರ್ಮಾದಾಯ ಸಂಸ್ಥೆಗಳ ಕಾನೂನನ್ನು ತಂದು ದೇವಸ್ಥಾನ ಛತ್ರಗಳನ್ನು ಮುಜರಾಯಿ ಅಧಿಕಾರಿಗಳ ಕಣ್ಣಿನ ಕೆಳಗೆ ಇಟ್ಟಿತು.

ಕಾರ್ಖಾನೆಯ ಹಣ ನಮ್ಮ ಸೀಮೆಗೆ ಬಂದದ್ದು ಸರಿಸುಮಾರು ಆ ವೇಳೆಗೇ. ಶಿವಮೊಗ್ಗದ ವಿದ್ಯಾನಗರದಿಂದ ಬಿ. ಎಚ್. ರಸ್ತೆ ಹಿಡಿದು ಹೋದರೆ ಭದ್ರಾವತಿ. ಕೆಮ್ಮಣ್ಣುಗುಂಡಿಯ ಅದಿರಿನಿಂದ ಅಲ್ಲಿ ಕಬ್ಬಿಣ ಹರಿದದ್ದು 1923ರಲ್ಲಿ. ಕಾಗದದ ಕಾರ್ಖಾನೆಗೆ ಅಡಿಗಲ್ಲು ಬಿದ್ದದ್ದು 1936ರಲ್ಲಿ. ಇವುಗಳ ಸುತ್ತ ನ್ಯೂಟೌನ್, ಪೇಪರ್ ಟೌನ್‌ಗಳು ಬೆಳೆದವು. ಮನೆ, ಶಾಲೆ, ಆಸ್ಪತ್ರೆಗಳು ಬಂದವು. ಅದನ್ನು ಯಾರೂ ದಾನವೆನ್ನಲಿಲ್ಲ. ಇಲ್ಲಿ ವಿಶ್ವೇಶ್ವರಯ್ಯನವರ ಒಂದು ಸಂಗತಿಯನ್ನು ಹೇಳಬೇಕು. ಕಬ್ಬಿಣದ ಕಾರ್ಖಾನೆಯ ಅಧ್ಯಕ್ಷರಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಮನೆಗೆ ಒಯ್ಯದೆ, ಹುಡುಗರಿಗೆ ಕಸಬು ಕಲಿಸುವ ಶಾಲೆಯೊಂದಕ್ಕೆ ಹಾಕಿಸಿದರು. ಸರ್ಕಾರ ಅವರ ಹೆಸರಿಡಲು ಹೊರಟಾಗ ಒಪ್ಪದೆ ಮಹಾರಾಜರ ಹೆಸರನ್ನು ಸೂಚಿಸಿದರು. 1943ರಲ್ಲಿ ಶುರುವಾದ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಶಾಲೆ ಅದು. ಹಣ ದುಡಿದದ್ದು ಭದ್ರಾವತಿಯ ಕುಲುಮೆ, ಶಾಲೆ ಎದ್ದದ್ದು ಬೆಂಗಳೂರಿನಲ್ಲಿ ಎಂದು ಈ ಕಡೆಯವನಾದ ನಾನು ಒಂದಿಷ್ಟು ಗೊಣಗಿಕೊಂಡರೆ ವಾಚಕರು ಮನ್ನಿಸಬೇಕು.

ಈ ಗೊಣಗಾಟಕ್ಕೆ ಈಗ ಕಾನೂನಿನಲ್ಲಿಯೂ ಒಂದು ಸಾಲು ದೊರೆತಿದೆ. 2013ರ ಕಂಪನಿಗಳ ಕಾನೂನಿನ 135ನೆಯ ಪ್ರಕರಣ 2014ರ ಏಪ್ರಿಲ್‌ನಿಂದ ಜಾರಿಗೆ ಬಂತು. ನಿವ್ವಳ ಆಸ್ತಿ 500 ಕೋಟಿ, ವಹಿವಾಟು 1000 ಕೋಟಿ, ಇಲ್ಲವೆ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ ಎರಡರಂತೆ ಸಮಾಜದ ಕೆಲಸಕ್ಕೆ ವೆಚ್ಚ ಮಾಡತಕ್ಕದ್ದು. ತಾನಿರುವ ನೆಲದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕೆಂದೂ ಅದು ಹೇಳುತ್ತದೆ. ಆದರೆ ಅದು ದಾರಿ ತೋರಿಸುವ ಮಾತು, ಕಡ್ಡಾಯವಲ್ಲವೆಂದು ಸರ್ಕಾರವೇ ವಿವರಿಸಿದೆ. ಲಾಭದ ಮೇಲೆ ನಿಂತ ಧರ್ಮವಾದುದರಿಂದ ಲಾಭವಿಲ್ಲದ ಕಂಪನಿಯನ್ನು ಅದು ಏನೂ ಕೇಳದು. 2015ರಲ್ಲಿ ಉತ್ಪಾದನೆ ನಿಲ್ಲಿಸಿದ ಕಾಗದದ ಕಾರ್ಖಾನೆಯ ಬೀದಿಗಳಲ್ಲಿ ವಾಸಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2021ರಲ್ಲಿ ಈ ಕಟ್ಟಳೆ ಬಿಗಿಯಾಯಿತು. ಖರ್ಚಾಗದ ಹಣವನ್ನು ಬೇರೆ ಖಾತೆಗೋ ಸರ್ಕಾರ ಗೊತ್ತುಮಾಡಿದ ನಿಧಿಗೋ ಹಾಕಬೇಕು, ತಪ್ಪಿದರೆ ದಂಡ. ಕಂಪನಿಯ ಪರವಾಗಿ ಕೆಲಸ ಮಾಡುವ ಪ್ರತಿಷ್ಠಾನಗಳು, ಟ್ರಸ್ಟುಗಳು ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ಹಣ ಉದ್ದೇಶಕ್ಕೇ ಸಂದಿತೆಂದು ಹಣಕಾಸಿನ ಮುಖ್ಯಾಧಿಕಾರಿ ಆಡಳಿತ ಮಂಡಳಿಗೆ ಪ್ರಮಾಣಪತ್ರ ಕೊಡಬೇಕು. ಹತ್ತು ಕೋಟಿ ಮೀರಿ ವೆಚ್ಚ ಮಾಡಬೇಕಾದ ಕಂಪನಿಗಳು ದೊಡ್ಡ ಯೋಜನೆಗಳ ಫಲವನ್ನು ಹೊರಗಿನವರಿಂದ ಅಳೆಯಿಸಬೇಕು. ಬಳ್ಳಿಗಾವೆಯ ಕಲ್ಲು ಬಿಟ್ಟಿದ್ದ ಜಾಗವನ್ನು, ಎಂದರೆ ಖರ್ಚಿನ ಲೆಕ್ಕವನ್ನು, ಈ ಕಾನೂನು ತುಂಬಿತು. ಹುಳುವಿನ ಶಾಪಕ್ಕಿಂತ ಇದು ಮೇಲೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಲೆಕ್ಕ ಯಾರಿಗೆ? ಮಂಡಳಿಗೆ, ಷೇರುದಾರರಿಗೆ, ದೆಹಲಿಯ ಮಂತ್ರಾಲಯಕ್ಕೆ. ವರದಿ ಜಾಲತಾಣದಲ್ಲಿದೆ, ಯಾರು ಬೇಕಾದರೂ ಓದಬಹುದೆಂದು ಹೇಳುತ್ತಾರೆ. ನಿಜ. ಆದರೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಕೋಷ್ಟಕದ ಮೇಲೆ ಕೋಷ್ಟಕವಾಗಿರುವ ಆ ವರದಿ ಹೆಸರಿಗೆ ಕಲ್ಲು, ಬಳಕೆಯಲ್ಲಿ ಪೆಟ್ಟಿಗೆಯ ತಾಮ್ರಪಟ. ಕೆರೆಯ ಹೂಳೆತ್ತಿಸಿದ ಊರಿನ ಗ್ರಾಮಸಭೆಯಲ್ಲಿ ಆ ಲೆಕ್ಕವನ್ನು ಓದಿ ಹೇಳಬೇಕೆಂದು ಕಾನೂನು ಹೇಳಿಲ್ಲ. ಊರಿನ ಕಣ್ಣಿಗೆ ಬೀಳುವುದು ಶಾಲೆಯ ಗೋಡೆಯ ಮೇಲಿನ ಫಲಕ. ಅದರಲ್ಲಿ ಕಂಪನಿಯ ಹೆಸರು, ಲಾಂಛನ, ಉದ್ಘಾಟಿಸಿದ ಗಣ್ಯರ ಹೆಸರು - ಎಂದರೆ ಬಿರುದಾವಳಿ ಮಾತ್ರ. ಮೊತ್ತವೆಷ್ಟು, ಕೆಲಸ ಮಾಡಿಸಿದ ಸಂಸ್ಥೆ ಯಾವುದು, ಮೇಲ್ಛಾವಣಿ ಸೋರಿದರೆ ಯಾರನ್ನು ಕೇಳಬೇಕು? ಶಾನುಭೋಗ ಬರೆಯಬೇಕಾಗಿದ್ದ ಆ ಸಾಲುಗಳು ಇಲ್ಲ.

ಸೋರುವ ಮಾತು ಬಂದದ್ದರಿಂದ ಹೇಳುತ್ತೇನೆ. ಹಳೆಯ ದಾನಶಾಸನಗಳಲ್ಲಿ ಪೂಜೆ, ಅನ್ನ, ವಿದ್ಯೆಗಳ ಜೊತೆಗೆ ಖಂಡಸ್ಫುಟಿತ ಜೀರ್ಣೋದ್ಧಾರವೆಂಬ ಬಾಬು ಮತ್ತೆ ಮತ್ತೆ ಬರುತ್ತದೆ. ಒಡೆದದ್ದು, ಬಿರುಕು ಬಿಟ್ಟದ್ದು, ಹಳತಾದದ್ದನ್ನು ಸರಿಪಡಿಸಲು ಇಂಥ ಗದ್ದೆಯ ಹುಟ್ಟುವಳಿ ಎಂದು ಕಟ್ಟುವ ದಿನವೇ ಗೊತ್ತುಮಾಡಿಬಿಟ್ಟಿದ್ದರು. ಇಂದಿನ ನಿಯಮದಲ್ಲಿ ಮುಂದುವರಿಯುವ ಯೋಜನೆಯೆಂದರೆ ಶುರುವಾದ ವರ್ಷವನ್ನು ಬಿಟ್ಟು ಹೆಚ್ಚೆಂದರೆ ಮೂರು ವರ್ಷ. ಮುಂದಿನ ಮಳೆಗಾಲದಲ್ಲಿ ಆ ಕಟ್ಟಡದ ಹೆಂಚಿಗೆ ಯಾರ ಗದ್ದೆ ಎಂಬುದನ್ನು ಫಲಕದಲ್ಲಾಗಲಿ ವರದಿಯಲ್ಲಾಗಲಿ ಕೊಟ್ಟವರೇ ಬರೆದುಬಿಡಲಿ, ಊರಿನವರು ಓದಿಕೊಳ್ಳುತ್ತಾರೆ.