ಕಂದಕದೊಳಗಿನ ಕಾಲಾಳು: ರೆಮಾರ್ಕ್‌ನ ಕಾದಂಬರಿ ತೆತ್ತ ಬೆಲೆ

ಮೊದಲನೆಯ ಮಹಾಯುದ್ಧವನ್ನು ಕುರಿತು ಸೇನಾನಿಗಳೂ ರಾಜಕಾರಣಿಗಳೂ ಬರೆದ ಗ್ರಂಥಗಳು ಹಲವಾರು. ಆದರೆ ಕಂದಕದಲ್ಲಿ ಕುಳಿತ ಕಾಲಾಳಿನ ಕಣ್ಣಿನಿಂದ ಅದನ್ನು ಕಾಣಿಸಿದ ಕೃತಿಗಳಲ್ಲಿ ಎರಿಕ್ ಮರಿಯಾ ರೆಮಾರ್ಕ್‌ನ ‘ಆಲ್ ಕ್ವೈಯಟ್ ಆನ್ ದ ವೆಸ್ಟರ್ನ್ ಫ್ರಂಟ್’ ಅಗ್ರಗಣ್ಯವಾದುದು.

ರೆಮಾರ್ಕ್ 1898ರಲ್ಲಿ ಜರ್ಮನಿಯ ಓಸ್ನಾಬ್ರೂಕ್ ನಗರದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವವನೊಬ್ಬನ ಮಗನಾಗಿ ಜನಿಸಿದನು. ಹದಿನೆಂಟನೆಯ ವಯಸ್ಸಿನಲ್ಲಿ ಕಡ್ಡಾಯ ಸೈನ್ಯಸೇವೆಗೆ ಕರೆ ಬಂದಿತು. 1917ರ ಜೂನ್ ತಿಂಗಳಲ್ಲಿ ಪಶ್ಚಿಮ ರಣರಂಗಕ್ಕೆ ಹೋದ ಅವನು ಜುಲೈ 31ರಂದು ಫಿರಂಗಿ ಗುಂಡಿನ ಚೂರುಗಳು ತಗುಲಿ ಗಾಯಗೊಂಡನು. ಆಸ್ಪತ್ರೆಯಲ್ಲಿ ಜೊತೆಗಿದ್ದ ಸೈನಿಕರ ಅನುಭವಗಳೂ ಮುಂದೆ ಅವನ ಬರೆಹಕ್ಕೆ ಒದಗಿಬಂದವು. ಹುಟ್ಟಿದಾಗ ಅವನ ನಡುಹೆಸರು ‘ಪಾಲ್’. ಅದೇ ವರ್ಷ ತೀರಿಕೊಂಡ ತಾಯಿಯ ನೆನಪಿಗೆ ಅದನ್ನು ಮುಂದೆ ‘ಮರಿಯಾ’ ಎಂದು ಬದಲಿಸಿಕೊಂಡನು. ಬಿಟ್ಟುಕೊಟ್ಟ ಹೆಸರು ಕಥಾನಾಯಕ ಪಾಲ್ ಬಾಯ್ಮರ್‌ನದಾಯಿತು.

1929ರ ಜನವರಿಯಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ ವೀರಗಾಥೆಯಿಲ್ಲ. ಉಪಾಧ್ಯಾಯನ ದೇಶಭಕ್ತಿಯ ಉಪನ್ಯಾಸಕ್ಕೆ ಮರುಳಾಗಿ ಸೈನ್ಯ ಸೇರಿದ ಹುಡುಗರು ಇಲ್ಲಿದ್ದಾರೆ. ಸತ್ತವನ ಕಾಲಿನಿಂದ ಬದುಕಿದ್ದವನ ಕಾಲಿಗೆ ಸಾಗುವ ಒಂದು ಜೊತೆ ಬೂಟುಗಳಿವೆ. ಪಾಲ್ ತಾನು ಇರಿದ ಫ್ರೆಂಚ್ ಸೈನಿಕನ ಕಿಸೆಯಲ್ಲಿ ಹೆಂಡತಿ ಮಗಳ ಭಾವಚಿತ್ರವನ್ನು ಕಂಡಾಗ, ‘ಶತ್ರು’ ಎಂಬ ಪದವೇ ಅರ್ಥ ಕಳೆದುಕೊಳ್ಳುತ್ತದೆ. ಕೊನೆಗೆ ಪಾಲ್ ಮಡಿದ ದಿನ, ವಿಶೇಷವೇನೂ ಇಲ್ಲವೆಂದು ಸೇನಾವರದಿ ಹೇಳುತ್ತದೆ. ಕೃತಿಯ ಶೀರ್ಷಿಕೆಯ ಕ್ರೂರ ವ್ಯಂಗ್ಯವಿರುವುದು ಇಲ್ಲಿಯೇ.

ಯುದ್ಧವನ್ನು ವೈಭವೀಕರಿಸುವವರಿಗೆ ಇದು ಸಹ್ಯವಾಗಲಿಲ್ಲ. 1930ರ ಡಿಸೆಂಬರ್‌ನಲ್ಲಿ ಬರ್ಲಿನ್‌ನ ಚಿತ್ರಮಂದಿರದಲ್ಲಿ ಇದರ ಚಲನಚಿತ್ರ ನಡೆಯುತ್ತಿದ್ದಾಗ ಗೋಬೆಲ್ಸ್‌ನ ಅನುಚರರು ಇಲಿಗಳನ್ನು ಬಿಟ್ಟು ಪ್ರದರ್ಶನವನ್ನು ಕೆಡಿಸಿದರು. ಕೆಲವೇ ದಿನಗಳಲ್ಲಿ ಚಿತ್ರ ನಿಷಿದ್ಧವಾಯಿತು. 1933ರ ಮೇ 10ರಂದು ಪುಸ್ತಕವೇ ಬೆಂಕಿಗೆ ಆಹುತಿಯಾಯಿತು. ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ್ದ ರೆಮಾರ್ಕ್‌ನ ಪೌರತ್ವವನ್ನು 1938ರಲ್ಲಿ ರದ್ದುಪಡಿಸಲಾಯಿತು.

ಅವನು ಅಮೆರಿಕ ಸೇರಿ ಬದುಕಿದನು. ಆದರೆ ಜರ್ಮನಿಯಲ್ಲಿಯೇ ಉಳಿದ ತಂಗಿ ಎಲ್ಫ್ರೀಡೆ, ಬಟ್ಟೆ ಹೊಲಿದು ಜೀವಿಸುತ್ತಿದ್ದವಳು, ಯುದ್ಧದಲ್ಲಿ ಸೋಲು ಖಚಿತವೆಂದು ಆಡಿದ ಮಾತಿಗಾಗಿ ಸೆರೆಯಾದಳು. 1943ರ ಡಿಸೆಂಬರ್ 16ರಂದು ಅವಳ ಶಿರಚ್ಛೇದವಾಯಿತು. 1952ರಲ್ಲಿ ಪ್ರಕಟವಾದ ‘ಸ್ಪಾರ್ಕ್ ಆಫ್ ಲೈಫ್’ ಕಾದಂಬರಿಯನ್ನು ರೆಮಾರ್ಕ್ ಆಕೆಯ ನೆನಪಿಗೆ ಅರ್ಪಿಸಿದನು. ಅದರ ವಸ್ತು ನಾಜಿ ಸೆರೆಶಿಬಿರದ ಬಂದಿಗಳ ಬದುಕು.

ಕಾಲಾಳಿನ ಕಥೆಯನ್ನು ನಿಜವಾಗಿ ಹೇಳಿದುದಕ್ಕೆ ಪ್ರಭುತ್ವವು ಗ್ರಂಥವನ್ನು ಸುಟ್ಟಿತು, ಗ್ರಂಥಕಾರನನ್ನು ದೇಶಭ್ರಷ್ಟನನ್ನಾಗಿ ಮಾಡಿತು. ಆ ಪ್ರಭುತ್ವ ಹನ್ನೆರಡೇ ವರ್ಷಗಳಲ್ಲಿ ಅಳಿಯಿತು. ಗ್ರಂಥ ಇಂದಿಗೂ ಓದುಗರ ಕೈಯಲ್ಲಿದೆ.